ಬಾಕ್ಸಿಂಗ್: ಮೂಲ ಹೊಡೆತಗಳ ಕಲಿಕೆ

ಬಾಕ್ಸಿಂಗ್ ತರಬೇತಿಗೆ ಸೇರಬಯಸುವ ಅಭ್ಯರ್ಥಿಗಳು ಹಾಗೂ ಅವರ ಪೋಷಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಹೊಡೆತದ ಬಲವು ಕೇವಲ ತೋಳಿನದಲ್ಲ. ಅದು ಪಾದದಿಂದ ಹೊರಟು, ಸೊಂಟ ಮತ್ತು ಭುಜದ ಮೂಲಕ ಮುಷ್ಟಿಯನ್ನು ತಲುಪುತ್ತದೆ. ಈ ಕ್ರಮವನ್ನು ಕಲಿಯದೆ ಬಲ ಪ್ರಯೋಗಿಸಿದಲ್ಲಿ ಹೊಡೆಯುವವರ ಕೈಗೇ ಗಾಯವಾಗುವ ಸಂಭವವಿರುತ್ತದೆ.

1. ಮುಷ್ಟಿ ಕಟ್ಟುವ ಕ್ರಮ
ನಾಲ್ಕು ಬೆರಳುಗಳನ್ನು ಅಂಗೈಯೊಳಗೆ ಮಡಚಿ, ಹೆಬ್ಬೆರಳನ್ನು ಹೊರಗಡೆ ತೋರುಬೆರಳು ಮತ್ತು ನಡುಬೆರಳುಗಳ ಮೇಲೆ ಅಡ್ಡಲಾಗಿ ಇರಿಸತಕ್ಕದ್ದು. ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಬಾರದು. ಹೊಡೆತವು ತೋರುಬೆರಳು ಹಾಗೂ ನಡುಬೆರಳಿನ ಬುಡದ ಗೆಣ್ಣುಗಳ ಮೇಲೆ ಬೀಳಬೇಕು. ಮಣಿಕಟ್ಟು ಬಾಗದೆ ಮುಂಗೈಗೆ ನೇರವಾಗಿರಬೇಕು. ಹೊಡೆತವು ಕಿರುಬೆರಳಿನ ಕಡೆಗೆ ಬಿದ್ದಲ್ಲಿ ಆ ಬೆರಳಿನ ಬುಡದಲ್ಲಿರುವ ಅಂಗೈ ಮೂಳೆ ಮುರಿಯಬಹುದು. ವೈದ್ಯರು ಇದನ್ನು ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂದು ಕರೆಯುತ್ತಾರೆ.

2. ನಿಲುವು
ಬಲಗೈ ಬಳಕೆಯವರು ಎಡಪಾದವನ್ನು ಮುಂದಿರಿಸಬೇಕು. ಎಡಗೈ ಬಳಕೆಯವರು ಬಲಪಾದವನ್ನು ಮುಂದಿರಿಸಬೇಕು. ಪಾದಗಳ ಅಂತರವು ಸುಮಾರು ಭುಜದ ಅಗಲದಷ್ಟಿರಬೇಕು. ಮೊಣಕಾಲುಗಳು ಸ್ವಲ್ಪ ಬಾಗಿದ್ದು, ಹಿಂದಿನ ಪಾದದ ಹಿಮ್ಮಡಿ ಕೊಂಚ ಎತ್ತಿರಬೇಕು. ಮುಷ್ಟಿಗಳು ಕೆನ್ನೆಯ ಬಳಿ, ಮೊಣಕೈಗಳು ಪಕ್ಕೆಲುಬಿನ ಬಳಿ ಇರಬೇಕು, ಗದ್ದವನ್ನು ತಗ್ಗಿಸಿರಬೇಕು.

3. ಮೂಲ ಹೊಡೆತಗಳು
ಅ) ಜ್ಯಾಬ್: ಮುಂದಿನ ಕೈಯ ನೇರ ಹೊಡೆತ. ಎದುರಾಳಿಯ ಅಂತರವನ್ನು ಅಳೆಯಲು ಸಹಾಯಕ, ಮೊದಲು ಕಲಿಯಬೇಕಾದದ್ದು.
ಆ) ಕ್ರಾಸ್: ಹಿಂದಿನ ಕೈಯ ನೇರ ಹೊಡೆತ. ಹಿಂದಿನ ಪಾದ ಮತ್ತು ಸೊಂಟ ಒಟ್ಟಿಗೆ ತಿರುಗುವುದರಿಂದ ಬಲ ದೊರೆಯುತ್ತದೆ.
ಇ) ಹುಕ್: ಮೊಣಕೈಯನ್ನು ಮಡಚಿ ಪಕ್ಕದಿಂದ ನೀಡುವ ಹೊಡೆತ.
ಈ) ಅಪ್ಪರ್‌ಕಟ್: ಮೊಣಕಾಲುಗಳನ್ನು ಬಾಗಿಸಿ ಕೆಳಗಿನಿಂದ ಮೇಲಕ್ಕೆ ನೀಡುವ ಹೊಡೆತ.
ಒಂದು ಕೈ ಹೊಡೆಯುವಾಗ ಇನ್ನೊಂದು ಕೈ ಕೆನ್ನೆಯ ಬಳಿಯಲ್ಲಿಯೇ ಇರತಕ್ಕದ್ದು. ಹೊಡೆದ ಕೈಯನ್ನು ಕೂಡಲೇ ಸ್ವಸ್ಥಾನಕ್ಕೆ ತರತಕ್ಕದ್ದು. ಕೈ ಮರಳುವವರೆಗೆ ಹೊಡೆತ ಪೂರ್ಣಗೊಂಡಂತಲ್ಲ.

4. ಅಭ್ಯಾಸದ ಹಂತಗಳು
ಮೊದಲು ಕನ್ನಡಿಯ ಮುಂದೆ ನಿಧಾನವಾಗಿ, ನಂತರ ಬ್ಯಾಂಡೇಜ್ ಸುತ್ತಿ ಗ್ಲೌಸ್ ಧರಿಸಿ ಪಂಚಿಂಗ್ ಬ್ಯಾಗಿನ ಮೇಲೆ, ತದನಂತರ ತರಬೇತುದಾರರು ಹಿಡಿಯುವ ಪ್ಯಾಡುಗಳ ಮೇಲೆ ಅಭ್ಯಾಸ ಮಾಡಬೇಕು. ಜೊತೆಗಾರರೊಡನೆ ಸ್ಪ್ಯಾರಿಂಗ್ ಅನ್ನು ತರಬೇತುದಾರರ ಅನುಮತಿ ಹಾಗೂ ಉಪಸ್ಥಿತಿಯಲ್ಲಿ ಮಾತ್ರ ನಡೆಸತಕ್ಕದ್ದು.

5. ನಿಯಮಗಳು
ಮುಚ್ಚಿದ ಗ್ಲೌಸಿನ ಗೆಣ್ಣಿನ ಭಾಗದಿಂದ, ತಲೆಯ ಮುಂಭಾಗ ಮತ್ತು ಪಕ್ಕಗಳಿಗೆ ಹಾಗೂ ಸೊಂಟಪಟ್ಟಿಯ ಮೇಲಿನ ದೇಹದ ಮುಂಭಾಗ ಮತ್ತು ಪಕ್ಕಗಳಿಗೆ ತಗಲಿದ ಹೊಡೆತ ಮಾತ್ರ ಸಿಂಧುವಾಗಿರುತ್ತದೆ. ತಲೆಯ ಹಿಂಭಾಗ, ಬೆನ್ನು ಮತ್ತು ಸೊಂಟಪಟ್ಟಿಯ ಕೆಳಗೆ ಹೊಡೆಯುವುದು ನಿಷಿದ್ಧ. ಒಲಿಂಪಿಕ್ಸ್‌ನಲ್ಲಿ 2012ರಿಂದ ಮಹಿಳೆಯರೂ ಸ್ಪರ್ಧಿಸುತ್ತಿದ್ದಾರೆ.

6. ವಿಶೇಷ ಸೂಚನೆ
ತಲೆಗವಸು ಚರ್ಮ ಸೀಳುವುದನ್ನು ತಗ್ಗಿಸುತ್ತದೆಯಾದರೂ ಮಿದುಳಿನ ಆಘಾತವನ್ನು ಪೂರ್ಣವಾಗಿ ತಡೆಯಲಾರದು. ತಲೆಗೆ ಪೆಟ್ಟು ಬಿದ್ದ ನಂತರ ತಲೆನೋವು, ವಾಂತಿ, ತಲೆಸುತ್ತು ಅಥವಾ ಮರೆವು ಕಂಡುಬಂದಲ್ಲಿ ಅಭ್ಯಾಸವನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ವೈದ್ಯರು ಅನುಮತಿಸುವವರೆಗೆ ಅಭ್ಯಾಸಕ್ಕೆ ಮರಳಬಾರದು. ಇಂತಹ ಲಕ್ಷಣಗಳನ್ನು ಮಕ್ಕಳು ಮುಚ್ಚಿಡದಂತೆ ಪೋಷಕರು ಗಮನ ಹರಿಸುವುದು.