ಪೆದ್ದ ನಾಯಕನಿಂದ ಎರಡನೆಯ ಬೀಗದ ಕೈವರೆಗೆ

ನವರಾತ್ರಿ ಹತ್ತಿರ ಬಂತೆಂದರೆ ಮದರಾಸಿನ ಕನ್ನಡಿಗರ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೇ ಸಾಗುತ್ತವೆ. ಒಂದು, ಅಟ್ಟದ ಮೇಲಿನಿಂದ ಗೊಂಬೆಗಳನ್ನು ಇಳಿಸುವುದು. ಮತ್ತೊಂದು, ಊರಿಗೆ ಹೋಗುವ ರೈಲಿನ ಟಿಕೆಟ್ಟಿಗಾಗಿ ಪರದಾಡುವುದು. ಟಿಕೆಟ್ಟು ಸಿಕ್ಕವರು ಮೈಸೂರಿಗೋ ಶಿವಮೊಗ್ಗಕ್ಕೋ ಧಾರವಾಡಕ್ಕೋ ಹೊರಡುತ್ತಾರೆ. ಅವರ ಮನೆಗೆ ಒಂದು ಬೀಗ ಬೀಳುತ್ತದೆ, ಬೀದಿಯಲ್ಲಿ ನಿಂತ ಕಾರಿಗೆ ಒಂದು ಹೊದಿಕೆ ಬೀಳುತ್ತದೆ. ಹಾಗೆ ಹೊದಿಸಿ ಹೋದ ಕಾರೊಂದನ್ನು ನಾವು ಮೂರು ವರ್ಷದ ಹಿಂದೆ ಕಳೆದುಕೊಂಡೆವು. ಆ ಕಥೆಯನ್ನು ಮುಂದೆ ಹೇಳುತ್ತೇವೆ. ಅದಾದ ಮೇಲೆ, ಇಷ್ಟು ವರ್ಷ ಬಸ್ಸಿಗೆ ಕಾಯುವ ಜಾಗವೆಂದಷ್ಟೇ ತಿಳಿದಿದ್ದ ಪ್ಯಾರೀಸ್ ಕಾರ್ನರನ್ನು ನಾವು ಬೇರೆ ಕಣ್ಣಿನಿಂದ ನೋಡತೊಡಗಿದೆವು ಎಂಬುದನ್ನು ಮಾತ್ರ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಈ ನಗರದಲ್ಲಿ ಕಾವಲಿನ ಚರಿತ್ರೆಯೂ ಕಾರಿನ ಚರಿತ್ರೆಯೂ ಈ ಒಂದೇ ಮೂಲೆಯಲ್ಲಿ ಕೂಡುತ್ತವೆ.

ನಮ್ಮ ಕಚೇರಿ ಇರುವುದು ರಾಜಾಜಿ ಸಾಲೆಯಲ್ಲಿ. ಮಧ್ಯಾಹ್ನದ ಊಟದ ನಂತರ ಹತ್ತು ನಿಮಿಷ ನಡೆದರೆ ಎನ್.ಎಸ್.ಸಿ. ಬೋಸ್ ರಸ್ತೆ ಕೂಡುವ ತಿರುವು. 1788ರಲ್ಲಿ ಮದರಾಸಿಗೆ ಬಂದು ವ್ಯಾಪಾರ ಹೂಡಿದ ವೇಲ್ಸ್ ದೇಶದ ಥಾಮಸ್ ಪ್ಯಾರಿಯ ಹೆಸರೇ ಈ ಮೂಲೆಗೆ ನಿಂತಿದೆ. ಅವನು 1824ರಲ್ಲಿ ಕಾಲರಾದಿಂದ ತೀರಿಕೊಂಡ. ಹೆಸರು ಮಾತ್ರ ಬಸ್ಸಿನ ಬೋರ್ಡಿನಲ್ಲಿ ಇಂದಿಗೂ ಓಡಾಡುತ್ತಿದೆ. ಮೂಲೆಯಲ್ಲಿರುವ ಡೇರ್ ಹೌಸ್ ಕಟ್ಟಡದ ಆವರಣದಲ್ಲಿ ಒಂದು ಕಲ್ಲಿನ ಕಂಬವಿದೆ. ಫ್ರೆಂಚರ ಮುತ್ತಿಗೆಯ ಕಹಿಯನ್ನು ಉಂಡ ಮೇಲೆ ಕೋಟೆಯ ಮುಂದೆ ಯಾರೂ ಮನೆ ಕಟ್ಟಬಾರದೆಂದು ಕಂಪನಿ ಸರ್ಕಾರ ಬಯಲು ಬಿಡಿಸಿತು. ಆ ಬಯಲಿನ ಎಲ್ಲೆ ತೋರಿಸಲು 1773ರಲ್ಲಿ ಆರು ಕಂಬಗಳನ್ನು ನೆಟ್ಟರು. ಅವುಗಳಲ್ಲಿ ಉಳಿದಿರುವುದು ಇದೊಂದೇ. ಎಲ್ಲೆಯ ಈಚೆಗೆ ಕೋಟೆ, ಸೈನ್ಯ, ತೋಪು; ಆಚೆಗೆ ದೇಶೀ ಜನರ ಪಟ್ಟಣ. ಕೋಟೆಯನ್ನು ಕಾಯಲು ಸಿಪಾಯಿಗಳಿದ್ದರು. ಪಟ್ಟಣವನ್ನು ಕಾಯುವವರು ಯಾರು?

ಅದಕ್ಕಿದ್ದವನೇ ಪೆದ್ದ ನಾಯಕ. 17ನೆಯ ಶತಮಾನದಿಂದಲೇ ವಂಶಪಾರಂಪರ್ಯವಾಗಿ ಈ ಕೆಲಸ ಒಂದು ಮನೆತನಕ್ಕೆ ಸೇರಿತ್ತು. ಅವನ ಕೈಕೆಳಗೆ ತಲೈಯಾರಿಗಳು ರಾತ್ರಿ ಗಸ್ತು ತಿರುಗುತ್ತಿದ್ದರು. ತಲೈಯಾರಿ ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಹಳ್ಳಿಯ ತಳವಾರನಿದ್ದ ಹಾಗೆಯೇ. ಪ್ರತಿಫಲವಾಗಿ ಪಟ್ಟಣಕ್ಕೆ ಬರುವ ಸರಕಿನ ಮೇಲೆ ಸಣ್ಣಪುಟ್ಟ ಸುಂಕ ಎತ್ತುವ ಹಕ್ಕು ಪೆದ್ದ ನಾಯಕನಿಗಿತ್ತು. ಆದರೆ ಈ ಹಕ್ಕಿಗೆ ಒಂದು ಷರತ್ತು ಅಂಟಿಕೊಂಡಿತ್ತು: ಅವನ ಕಾವಲಿನಲ್ಲಿ ಕಳವಾದರೆ ಮಾಲನ್ನು ಹುಡುಕಿಕೊಡಬೇಕು, ಇಲ್ಲವಾದರೆ ಅದರ ಬೆಲೆಯನ್ನು ತಾನೇ ತುಂಬಿಕೊಡಬೇಕು. ಇದನ್ನು ಓದಿದ ದಿನ ನಮಗೆ ಊಟ ಸೇರಲಿಲ್ಲ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಹೊಟ್ಟೆಕಿಚ್ಚು ಪಟ್ಟದ್ದಂತೂ ನಿಜ. ಪೊಲೀಸರೂ ಅವನೇ, ವಿಮಾ ಕಂಪನಿಯೂ ಅವನೇ! ಬ್ರಾಡ್‌ವೇಯ ಪಶ್ಚಿಮಕ್ಕಿರುವ ಪೆದ್ದನಾಯ್ಕನ್‌ಪೇಟೆ ಅವನ ಹೆಸರನ್ನೇ ಹೊತ್ತಿದೆ. ಆ ಬ್ರಾಡ್‌ವೇಯನ್ನು ಮಾಡಿಸಿದ ಸ್ಟೀಫನ್ ಪೋಫಮ್ ಎಂಬ ವಕೀಲನೇ 1780ರ ದಶಕದಲ್ಲಿ ನಗರಕ್ಕೆ ಹೊಸ ರೀತಿಯ ಪೊಲೀಸ್ ಬೇಕೆಂದು ಯೋಜನೆ ಬರೆದುಕೊಟ್ಟವನು. ಕ್ರಮೇಣ ಪೆದ್ದ ನಾಯಕನ ಅಧಿಕಾರ ಹೋಯಿತು, 1856ರ ಹೊತ್ತಿಗೆ ಕಮಿಷನರ್ ಬಂದರು. ಕಾಯುವ ಹೊಣೆ ಸರ್ಕಾರದ್ದಾಯಿತು. ತುಂಬಿಕೊಡುವ ಹೊಣೆ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಕನ್ನಡ ನಾಡಿನಲ್ಲಿ ಇದಕ್ಕೂ ಹಿಂದಿನ ಪದ್ಧತಿ ಕಲ್ಲಿನಲ್ಲೇ ಇದೆ. ತುರುಗೋಳಿನಲ್ಲಿ, ಎಂದರೆ ಹಸುಗಳನ್ನು ಹೊಡೆದುಕೊಂಡು ಹೋಗುವವರೊಡನೆ ಕಾದಾಡಿ ಸತ್ತವರ ವೀರಗಲ್ಲುಗಳು ನಮ್ಮಲ್ಲಿ ಊರೂರಿಗೂ ಇವೆ. ಆ ಕಾಲದ ಚರಸ್ವತ್ತು ದನ. ಅದನ್ನು ಬಿಡಿಸಿ ತಂದವನಿಗೆ ಕಲ್ಲು, ಕೆಲವೆಡೆ ಭೂಮಿ. ಮಾರುತಿ ಕಾರಿಗಾಗಿ ಪ್ರಾಣ ಕೊಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ.

ಇನ್ನು ಕಾರಿನ ವಿಷಯ. ಮದರಾಸಿನ ಬೀದಿಯಲ್ಲಿ ಮೊದಲು ಕಾರು ಓಡಿಸಿದವರು ಪ್ಯಾರಿ ಕಂಪನಿಯ ನಿರ್ದೇಶಕ ಎ.ಜೆ. ಯಾರ್ಕ್, 1894ರಲ್ಲಿ, ಎಂದು ನಗರದ ಚರಿತ್ರೆ ಬರೆದವರು ಹೇಳುತ್ತಾರೆ. ಅಡ್ಯಾರಿನ ಬಂಗಲೆಯಿಂದ ದಿನವೂ ಈ ಮೂಲೆಗೇ ಬರುತ್ತಿದ್ದರಂತೆ. ವಿದ್ಯುತ್ ಟ್ರಾಮು ಬಂದದ್ದೇ ಮರುವರ್ಷ, 1895ರಲ್ಲಿ. ಮುಂದೆ ನೋಂದಣಿ ಪದ್ಧತಿ ಬಂದಾಗ ಎಂ.ಸಿ.-1 ಎಂಬ ಸಂಖ್ಯೆ ಪಡೆದವರು ಬಂದರು ಮಂಡಲಿಯ ಸರ್ ಫ್ರಾನ್ಸಿಸ್ ಸ್ಪ್ರಿಂಗ್. ಅವರ ಬಂದರೂ ಇದೇ ರಸ್ತೆಯ ಎದುರಿಗೇ. ಯಾರ್ಕ್ ಸಾಹೇಬರು ತಮ್ಮ ಗಾಡಿಗೆ ಬೀಗ ಹಾಕುತ್ತಿದ್ದರೋ ಇಲ್ಲವೋ, ಹಾಕುವ ಅಗತ್ಯವಂತೂ ಕಾಣುವುದಿಲ್ಲ. ಇಡೀ ಊರಿಗೆ ಒಂದೇ ಕಾರು ಇದ್ದಾಗ ಕಳ್ಳ ಅದನ್ನು ಕದ್ದು ಎಲ್ಲಿ ಬಚ್ಚಿಡಬೇಕು? ಯಾರಿಗೆ ಮಾರಬೇಕು? ಕಾರುಗಳು ಹೆಚ್ಚಿದ ಮೇಲೆಯೇ ಕಾರು ಕಳವು ಒಂದು ಕಸುಬಾಗುವುದು.

ಅಂದಿನ ಯಂತ್ರವೂ ಒಂದು ರೀತಿಯ ಕಾವಲೇ ಆಗಿತ್ತು. ಹಿಡಿ ಹಾಕಿ ತಿರುಗಿಸಿ ಎಂಜಿನ್ ಎಬ್ಬಿಸುವುದು ತಿಳಿದವರ ಕೆಲಸ. ತಪ್ಪಿದರೆ ಕೈಮೂಳೆ ಮುರಿಯುತ್ತಿತ್ತು. 1912ರಲ್ಲಿ ಅಮೆರಿಕೆಯ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. 1949ರಲ್ಲಿ ಕ್ರೈಸ್ಲರ್ ಕಂಪನಿ ಕೀಲಿ ತಿರುಗಿಸಿದರೆ ಸಾಕು, ಗಾಡಿ ಹೊರಡುವಂತೆ ಮಾಡಿತು. ಯಜಮಾನನಿಗೆ ಆದ ಪ್ರತಿಯೊಂದು ಅನುಕೂಲವೂ ಕಳ್ಳನಿಗೂ ಅನುಕೂಲವೇ ಆಯಿತು. ನಮ್ಮ ಅಂಬಾಸಡರ್, ಫಿಯೆಟ್ ಕಾಲದವರಿಗೆ ಇದು ಗೊತ್ತು. ಮುಂಬಾಗಿಲಿನ ತ್ರಿಕೋನದ ಸಣ್ಣ ಗಾಜನ್ನು ಮೀಟಿದರೆ ಕೈ ಒಳಗೆ ಹೋಗುತ್ತಿತ್ತು. ಸವೆದ ಬೀಗವಾದರೆ ಒಬ್ಬರ ಕೀಲಿ ಇನ್ನೊಬ್ಬರ ಗಾಡಿಗೆ ಹತ್ತುತ್ತಿತ್ತು.

ಹಾಗಾದರೆ ಹಿರಿಯರು ಏನು ಮಾಡುತ್ತಿದ್ದರು? ಊರಿಗೆ ಹೊರಡುವ ಹಿಂದಿನ ರಾತ್ರಿ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮ ಸೋದರಮಾವ ಅದನ್ನು ಕರವಸ್ತ್ರದಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದರು. ಹೆಬ್ಬೆರಳಿನಷ್ಟಿರುವ ಆ ತುಂಡು ಇಲ್ಲದಿದ್ದರೆ ಕಾಯಿಲ್‌ನಿಂದ ಬಂದ ವಿದ್ಯುತ್ತು ಪ್ಲಗ್ಗುಗಳಿಗೆ ಹಂಚಿಕೆಯಾಗುವುದಿಲ್ಲ, ಕಿಡಿ ಹಾರುವುದಿಲ್ಲ. ಇದು ಬರೀ ಮನೆಮದ್ದಲ್ಲ. 1940ರಲ್ಲಿ ಜರ್ಮನರು ಇಳಿದಾರೆಂಬ ಭಯದಿಂದ ಇಂಗ್ಲೆಂಡಿನಲ್ಲಿ ನಿಲ್ಲಿಸಿದ ಕಾರುಗಳನ್ನು ಹೀಗೆ ನಿಷ್ಕ್ರಿಯ ಮಾಡಲೇಬೇಕೆಂದು ಕಾಯಿದೆಯೇ ಆಗಿತ್ತು. ಮದರಾಸಿಗೂ ಅಂಥ ಭಯ ಬಂದಿತ್ತು; 1942ರ ಏಪ್ರಿಲಿನಲ್ಲಿ ಜಪಾನೀಯರ ಹೆದರಿಕೆಗೆ ಅರ್ಧ ಊರೇ ಬೀಗ ಹಾಕಿ ಹೊರಟುಹೋಯಿತು, ಮೃಗಾಲಯದ ಕ್ರೂರ ಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ಈಗಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಆದರೆ ಬ್ಯಾಟರಿಯ ತಂತಿ ಬಿಚ್ಚಿಟ್ಟು, ಸ್ಟೀರಿಂಗಿಗೆ ಅಡ್ಡ ಕಂಬಿಯ ಬೀಗವೊಂದನ್ನು ಹಾಕಿದರೆ ಕಳ್ಳನಿಗೆ ಐದು ನಿಮಿಷವಾದರೂ ಹೆಚ್ಚು ಬೇಕು. ಪ್ಯಾರೀಸಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಥ ಬೀಗ ಕೊಳ್ಳುವಾಗ ಅಂಗಡಿಯಾತ, 'ಸರ್, ಬೀಗ ಪಕ್ಕದ ಕಾರಿನ ಕಡೆಗೆ ಕಳ್ಳನನ್ನು ಕಳಿಸುವುದಕ್ಕೆ' ಎಂದು ನಕ್ಕ.

ಈಗ ನಮ್ಮ ಕಥೆ. ಕಾರು ಕೈಬದಲಾದ ಮಾರುತಿ 800. ಕೊಂಡಾಗ ಹಳೆಯ ಯಜಮಾನರು ಕೊಟ್ಟದ್ದು ಒಂದೇ ಬೀಗದ ಕೈ. ಇನ್ನೊಂದು ಎಲ್ಲಿ ಎಂದು ಕೇಳಲು ನಮಗೆ ತೋಚಲಿಲ್ಲ. ದಸರೆಗೆ ಹತ್ತು ದಿನ ಶಿವಮೊಗ್ಗದಲ್ಲಿದ್ದೆವು. ಏಳನೆಯ ದಿನ ಪಕ್ಕದ ಮನೆಯವರು ಫೋನ್ ಮಾಡಿದರು. ಕಾರಿಲ್ಲ. ಹೊದಿಕೆಯನ್ನು ಮಾತ್ರ ಕಳ್ಳ ಅಚ್ಚುಕಟ್ಟಾಗಿ ಮಡಿಸಿ ಕಾಂಪೌಂಡಿನ ಮೇಲೆ ಇಟ್ಟಿದ್ದ. ಮನೆಯವರಿಗೆ ಕಾರು ಹೋದದ್ದಕ್ಕಿಂತ ಆ ಮಡಿಕೆ ಕಂಡೇ ಹೆಚ್ಚು ಸಂಕಟವಾಯಿತು. ಏಳು ದಿನ ನಮ್ಮ ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ಈ ಊರಿನಲ್ಲಿ ಕೋಲವಿಲ್ಲದ ಬಾಗಿಲು, 'ಮನೆಯಲ್ಲಿ ಯಾರೂ ಇಲ್ಲ' ಎಂದು ಬೋರ್ಡು ಬರೆದು ಹಾಕಿದಂತೆಯೇ.

ಭಾವಮೈದುನ ಅದೇ ದಿನ ಠಾಣೆಗೆ ಹೋಗಿ ಎಫ್.ಐ.ಆರ್. ಮಾಡಿಸಿದ. ವಿಮಾ ಕಂಪನಿಗೆ ನಾವು ತಿಳಿಸಿದ್ದು ಊರಿಂದ ಬಂದ ಮೇಲೆ, ಐದು ದಿನ ತಡವಾಗಿ. ಕಂಪನಿಯವರು ಎರಡು ಆಕ್ಷೇಪ ಎತ್ತಿದರು: ತಡವೇಕೆ, ಎರಡನೆಯ ಬೀಗದ ಕೈ ಎಲ್ಲಿ? ತಡದ ವಿಷಯದಲ್ಲಿ ನಮ್ಮ ಪಕ್ಷದಲ್ಲಿ ಬಲವಿತ್ತು. ಕಳವಾದ ಕೂಡಲೇ ಎಫ್.ಐ.ಆರ್. ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಅದನ್ನು ಉದ್ಧರಿಸಿ ಪತ್ರ ಬರೆದೆವು. ಸರ್ಕಾರಿ ಗುಮಾಸ್ತರಿಗೆ ಪತ್ರ ಬರೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೀಗದ ಕೈಯ ವಿಷಯದಲ್ಲಿ ಮಾತ್ರ ಉತ್ತರವಿರಲಿಲ್ಲ. ಅದು ಕಳ್ಳನ ಜೇಬಿನಲ್ಲೇ ಇದ್ದಿರಬಹುದಲ್ಲ ಎಂಬ ಅವರ ಅನುಮಾನ ನಮ್ಮದೂ ಆಗಿತ್ತು. ಠಾಣೆಯಿಂದ 'ಪತ್ತೆಯಾಗಲಿಲ್ಲ' ಎಂಬ ವರದಿ ಬಂದು, ಎಂಟು ತಿಂಗಳು ಕಡತ ಓಡಾಡಿ, ಕೊನೆಗೆ ಕಡಿತ ಮಾಡಿದ ಮೊತ್ತ ಕೈಗೆ ಬಂತು. ಅಷ್ಟಾದರೂ ಬಂದದ್ದು ನಮ್ಮದು ಪೂರ್ಣ ವಿಮೆಯಾದ್ದರಿಂದ. ನಮ್ಮ ವಿಭಾಗದಲ್ಲೇ ಹಲವರು ಕಾನೂನಿಗೆ ಬೇಕಾದ ಮೂರನೆಯವರ ವಿಮೆ ಮಾತ್ರ ಮಾಡಿಸಿ ನಿಶ್ಚಿಂತರಾಗಿದ್ದಾರೆ. 1946ರಲ್ಲಿ ಜಾರಿಗೆ ಬಂದಂದಿನಿಂದ ಆ ಕಡ್ಡಾಯ ವಿಮೆ ಇರುವುದು ನಮ್ಮ ಗಾಡಿಯಿಂದ ಪೆಟ್ಟಾದವರಿಗೆ. ಗಾಡಿಯೇ ಹೋದರೆ ಅದರಿಂದ ಒಂದು ಕಾಸೂ ಬರುವುದಿಲ್ಲ. ದಯವಿಟ್ಟು ಈ ಸಂಜೆ ನಿಮ್ಮ ಪಾಲಿಸಿಯನ್ನು ತೆಗೆದು ಓದಿ ನೋಡಿ.

ಈಗ ಕೀಲಿಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಅದರ ಗುಟ್ಟಿನ ಸಂಖ್ಯೆ ಹೊಂದದಿದ್ದರೆ ಎಂಜಿನ್ ಏಳುವುದಿಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಗುಂಡಿ ಒತ್ತಿ ಹೊರಡಿಸುವ ಕಾರುಗಳಲ್ಲಿ ಹೊಸ ತಂಟೆ: ಮನೆಯೊಳಗಿನ ಕೀಲಿ ಬಿಡುವ ಕ್ಷೀಣ ರೇಡಿಯೋ ಅಲೆಯನ್ನು ಬಾಗಿಲ ಹೊರಗೆ ಹಿಡಿದು, ದೊಡ್ಡದು ಮಾಡಿ ಕಾರಿಗೆ ಮುಟ್ಟಿಸುತ್ತಾರೆ. ಕಾಲೇಜಿನಲ್ಲಿ ಫ್ಯಾರಡೆಯ ಪಂಜರ ಓದಿದವರಿಗೆ ಪರಿಹಾರ ಹೊಳೆಯಬೇಕು. ಕೀಲಿಯನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಅಲೆ ಹೊರಗೆ ಬರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಸೋದರಮಾವನ ಅಕ್ಕಿ ಡಬ್ಬಿ ಹೀಗೆ ಮತ್ತೆ ಬಂತು.

ಈ ಸಲದ ದಸರೆಗೆ ನಮ್ಮ ಹೊಸ ಕಾರು, ಎಂದರೆ ಇನ್ನೊಬ್ಬರ ಹಳೆಯ ಕಾರು, ಎರಡು ಬೀಗದ ಕೈಗಳೊಡನೆ ಬಂದಿದೆ. ಒಂದು ನಮ್ಮೊಡನೆ ಶಿವಮೊಗ್ಗಕ್ಕೆ ಬರುತ್ತದೆ, ಮತ್ತೊಂದು ಬ್ಯಾಂಕಿನ ಲಾಕರಿನಲ್ಲಿದೆ. ಆರ್.ಸಿ.ಯನ್ನು ಕಾರಿನಲ್ಲಿ ಬಿಡುವುದಿಲ್ಲ. ಮನೆ ಬೀಗ ಹಾಕಿದೆ ಎಂದು ಠಾಣೆಗೆ ಬರೆದುಕೊಟ್ಟಿದ್ದೇವೆ. ಪಕ್ಕದ ಮನೆಯ ಮಾಮಿ ಹತ್ತು ದಿನವೂ ನಮ್ಮ ಬಾಗಿಲಲ್ಲಿ ಕೋಲ ಹಾಕಲು ಒಪ್ಪಿದ್ದಾರೆ. ಅವರು ಸುಂಕ ಕೇಳಲಿಲ್ಲ. ಬರುವಾಗ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಜಾಡಿ ತರಬೇಕಂತೆ.