ಜರ್ಕ್ ಹೊಡೆಯೋ ಬೈಕಿನ ಚರಿತ್ರೆ

ಸಿಲ್ಕ್ ಬೋರ್ಡ್ ಹತ್ತಿರ ಎರಡನೇ ಗೇರಿನಲ್ಲಿ ತೆವಳುವವರಿಗೆ ಇದು ಚೆನ್ನಾಗಿ ಗೊತ್ತು. ಆಕ್ಸಿಲರೇಟರ್ ಬಿಟ್ಟರೆ ಬೈಕು ಮುಗ್ಗರಿಸುತ್ತೆ, ಹಿಂದೆ ಕೂತವರ ಹೆಲ್ಮೆಟ್ ನಮ್ಮ ಹೆಲ್ಮೆಟ್‌ಗೆ ಡಿಕ್ಕಿ. ಮತ್ತೆ ಕೊಟ್ಟರೆ 'ಟಕ್' ಅನ್ನೋ ಸದ್ದು, ಆಮೇಲೊಂದು ಜಗ್ಗು. "ಚೈನ್ ಟೈಟ್ ಮಾಡಿ ಸಾರ್" ಅನ್ನೋದು ಎಲ್ಲರ ಉಪದೇಶ. ಆದರೆ ಈ ಜಗ್ಗಿನ ಕಥೆ ನೂರು ವರ್ಷಕ್ಕಿಂತ ಹಳೆಯದು.

ಮೊದಮೊದಲ ಮೋಟಾರ್‌ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಚೈನೇ ಇರಲಿಲ್ಲ. ಎಂಜಿನ್ನಿನಿಂದ ಹಿಂಚಕ್ರಕ್ಕೆ ಒಂದು ಬೆಲ್ಟು, ಅಷ್ಟೆ. ಮಳೆ ಬಂದರೆ ಜಾರೋದು, ದಿಣ್ಣೆ ಬಂದರೆ ಇಳಿದು ತಳ್ಳಬೇಕಾಗೋದು. ಆದರೆ ಆ ಜಾರುವಿಕೆಯಲ್ಲೇ ಒಂದು ಉಪಕಾರವೂ ಇತ್ತು: ಎಂಜಿನ್ನಿನ ಒದೆತ ಚಕ್ರಕ್ಕೆ ಮುಟ್ಟೋ ಹೊತ್ತಿಗೆ ಮೆತ್ತಗಾಗಿರುತ್ತಿತ್ತು.

ಸ್ವಿಟ್ಜರ್ಲೆಂಡಿನಿಂದ ಮ್ಯಾಂಚೆಸ್ಟರಿಗೆ ಬಂದ ಹಾನ್ಸ್ ರೆನಾಲ್ಡ್ 1880ರಲ್ಲೇ ಬುಷ್ ರೋಲರ್ ಚೈನಿಗೆ ಪೇಟೆಂಟ್ ಪಡೆದಿದ್ದ. ಇವತ್ತಿನ ನಮ್ಮ ಬೈಕುಗಳ ಚೈನಿನ ಮೂಲ ವಿನ್ಯಾಸ ಅದೇ. ಆದರೂ ಬೆಲ್ಟಿನವರು ಸುಲಭಕ್ಕೆ ಸೋಲೊಪ್ಪಲಿಲ್ಲ. 1911ರಲ್ಲಿ ಐಲ್ ಆಫ್ ಮ್ಯಾನ್ ರೇಸು ಮೊದಲ ಬಾರಿ ಬೆಟ್ಟದ ದಾರಿ ಹತ್ತಿತು. ಸೀನಿಯರ್ ಟಿಟಿಯ ಮೊದಲ ಮೂರೂ ಸ್ಥಾನ ಅಮೆರಿಕದ ಇಂಡಿಯನ್ ಬೈಕುಗಳ ಪಾಲಾಯಿತು. ಅವುಗಳಲ್ಲಿದ್ದದ್ದು ಚೈನು, ಎರಡು ಸ್ಪೀಡಿನ ಗೇರು. ಬೆಲ್ಟಿನ ವಾದ ಅಲ್ಲಿಗೆ ಸೊರಗಿತು.

ಚೈನು ಜಾರೋದಿಲ್ಲ, ಸರಿ. ಆದರೆ ಸಿಂಗಲ್ ಸಿಲಿಂಡರಿನ ಪ್ರತಿಯೊಂದು ಗುದ್ದನ್ನೂ ಹಾಗೇ ಚಕ್ರಕ್ಕೆ ದಾಟಿಸುತ್ತೆ. ಇದಕ್ಕೆ ರಾಯಲ್ ಎನ್‌ಫೀಲ್ಡಿನವರು ರೆಡ್ಡಿಚ್‌ನಲ್ಲಿ, 1910ರ ದಶಕದಲ್ಲಿ, ಹಿಂಚಕ್ರದ ಹಬ್ಬಿನೊಳಗೆ ರಬ್ಬರ್ ತುಂಡುಗಳನ್ನಿಟ್ಟರು. ಸ್ಪ್ರಾಕೆಟ್ಟು ರಬ್ಬರನ್ನು ತಳ್ಳುತ್ತೆ, ರಬ್ಬರು ಚಕ್ರವನ್ನು. ಹೆಸರು ಕುಷ್ ಡ್ರೈವ್. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಒಂದು ಬಫರ್ :-) ಬೇರೆ ಕೆಲವರು ಎಂಜಿನ್ ಶಾಫ್ಟಿನಲ್ಲಿ ಸ್ಪ್ರಿಂಗ್ ಹಾಕಿ ನೋಡಿದರು. ನನಗಂತೂ ರಬ್ಬರೇ ಹೆಚ್ಚು ಜಾಣತನ ಅನ್ನಿಸುತ್ತೆ, ಸವೆದರೆ ಕಡಿಮೆ ದುಡ್ಡಿಗೆ ಬದಲಾಯಿಸಬಹುದು. ಅದೇ ರಬ್ಬರು 1955ರಲ್ಲಿ ಬುಲೆಟ್ ಜೊತೆ ಮದ್ರಾಸಿಗೂ ಬಂತು.

ಇನ್ನು ಸಡಿಲದ ವಿಷಯ. ಹಿಂದೆ ಸಸ್ಪೆನ್ಷನ್ನೇ ಇಲ್ಲದ ಕಾಲದಲ್ಲಿ ಎರಡು ಸ್ಪ್ರಾಕೆಟ್ಟುಗಳ ದೂರ ಬದಲಾಗುತ್ತಿರಲಿಲ್ಲ. 1949ರ ಬುಲೆಟ್ಟಿನಂಥ ಬೈಕುಗಳಿಂದ ಸ್ವಿಂಗ್ ಆರ್ಮ್ ಬಳಕೆಗೆ ಬಂತು. ಅದರ ಕೀಲೂ ಮುಂದಿನ ಸ್ಪ್ರಾಕೆಟ್ಟಿನ ಕೇಂದ್ರವೂ ಒಂದೇ ಕಡೆ ಇರೋದಿಲ್ಲ. ಹಾಗಾಗಿ ಹಳ್ಳಕ್ಕೆ ಇಳಿದಾಗ ಚೈನು ಬಿಗಿಯಾಗುತ್ತೆ. ಆ ಹೊತ್ತಿಗೆ ಅಂತಲೇ ಒಂದಿಷ್ಟು ಸಡಿಲ ಬಿಟ್ಟಿರಬೇಕು. ಸಡಿಲ ಪೂರ್ತಿ ತೆಗೆದರೆ ಗೇರ್‌ಬಾಕ್ಸಿನ ಬೇರಿಂಗು ಹೋಗುತ್ತೆ. ವಿಪರೀತ ಬಿಟ್ಟರೆ ಚೈನು ಕಳಚಿ ಹಿಂಚಕ್ರ ಹಿಡಿದುಕೊಳ್ಳಬಹುದು, ಅದು ಇನ್ನೂ ಅಪಾಯ.

"ಚೈನು ಎಳೆದುಕೊಂಡಿದೆ" ಅಂತಾರಲ್ಲ, ನಿಜವಾಗಿ ಉಕ್ಕು ಹಿಗ್ಗಿರೋದಿಲ್ಲ. ಪಿನ್ನು, ಬುಷ್ಷು ಸವೆದಿರುತ್ತೆ. ನೂರು ಕೊಂಡಿಯಲ್ಲಿ ತಲಾ 0.1 ಮಿ.ಮೀ. ಸವೆದರೆ ಒಟ್ಟು 10 ಮಿ.ಮೀ. ಸವೆಸೋದು ಧೂಳು. ನಮ್ಮ ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ನೆನಪಿದೆಯಾ? ಅದರ ಚೈನು ಪೂರ್ತಿ ತಗಡಿನ ಕವಚದೊಳಗೆ. ನೋಡೋಕೆ ಸ್ವಲ್ಪ ಮುದುಕ, ಆದರೆ ಧೂಳಿಗೂ ಮಳೆಗೂ ಜಪ್ಪಯ್ಯ ಅನ್ನೋದಿಲ್ಲ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಫ್ಯಾಷನ್ನಿನ ಹೆಸರಲ್ಲಿ ಚೈನನ್ನು ಬೆತ್ತಲೆ ಬಿಟ್ಟು ಸ್ಪ್ರೇ ಮಾರುತ್ತಾರೆ!

2020ರ ಬಿಎಸ್-6 ನಿಯಮದ ಜೊತೆ ಬೈಕುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಸಾಮಾನ್ಯವಾಯಿತು. ಥ್ರಾಟಲ್ ಮುಚ್ಚಿದಾಗ ಇದು ಪೆಟ್ರೋಲನ್ನೇ ನಿಲ್ಲಿಸಬಲ್ಲದು, ತೆರೆದಾಗ ಎಂಜಿನ್ನಿನ ಬಲ ಒಮ್ಮೆಲೇ ವಾಪಸ್ಸು. ಚೈನು, ರಬ್ಬರು, ಗೇರಿನ ಹಲ್ಲು ಎಲ್ಲದರ ಸಡಿಲವೂ ಆ ಕ್ಷಣದಲ್ಲಿ ಒಟ್ಟಿಗೆ ಬಡಿಯುತ್ತೆ.

ಆದ್ದರಿಂದ ಸ್ಪ್ಯಾನರ್ ಹಿಡಿಯೋ ಮುಂಚೆ ಥ್ರಾಟಲ್ ಕೇಬಲ್ಲಿನ ಆಟ ನೋಡಿ. ಆಮೇಲೆ ಚಕ್ರ ತಿರುಗಿಸುತ್ತಾ ಚೈನು ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ, ಮ್ಯಾನುಯಲ್ಲಿನ ಅಳತೆಗೆ ಸರಿಮಾಡಿ. ಆಮೇಲೂ 'ಟಕ್' ನಿಲ್ಲದಿದ್ದರೆ ಹಿಂಚಕ್ರ ಬಿಚ್ಚಿಸಿ ಆ ರಬ್ಬರುಗಳನ್ನೊಮ್ಮೆ ನೋಡಿ.