ಬ್ಲೂಸ್ ಸಂಗೀತ

ಬ್ಲೂಸ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಆಫ್ರಿಕನ್ ಮೂಲದ ಅಮೆರಿಕನ್ನರ ನಡುವೆ ರೂಪುಗೊಂಡ ಸಂಗೀತ ಪ್ರಕಾರ. ಜಾಝ್, ರಿದಮ್ ಅಂಡ್ ಬ್ಲೂಸ್, ರಾಕ್ ಅಂಡ್ ರೋಲ್, ಸೋಲ್ ಮೊದಲಾದ ಜನಪ್ರಿಯ ಪ್ರಕಾರಗಳ ಬೆಳವಣಿಗೆಯಲ್ಲಿ ಇದರ ಪಾತ್ರ ದೊಡ್ಡದು. ಖಿನ್ನತೆಯನ್ನು ನೀಲಿ ಬಣ್ಣದೊಡನೆ ಜೋಡಿಸಿ ಹೇಳುವ ಇಂಗ್ಲಿಷ್ ರೂಢಿ ಈ ಹೆಸರಿನ ಹಿಂದಿದೆ. ಆದರೆ ಬ್ಲೂಸ್ ಹಾಡುಗಳೆಲ್ಲವೂ ಶೋಕಗೀತೆಗಳಲ್ಲ; ಪ್ರೇಮ, ಪರಿಹಾಸ, ಊರು ಬಿಡುವ ಆಸೆ, ನೆರೆ ಹಾವಳಿ, ಸೆರೆಮನೆ ಇವೆಲ್ಲವೂ ಅವುಗಳ ವಸ್ತುವಾಗಿವೆ.

ಹಿನ್ನೆಲೆ

1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕೊನೆಗೆ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಗೊಳಿಸಿತು. ಆದರೆ ಬಿಡುಗಡೆ ಹೊಂದಿದವರಲ್ಲಿ ಬಹುಪಾಲು ಜನರಿಗೆ ಭೂಮಿ ದೊರೆಯಲಿಲ್ಲ. ಅವರು ಹಿಂದಿನ ಹತ್ತಿಯ ತೋಟಗಳಲ್ಲಿಯೇ ಪಾಲಿಗೆ ದುಡಿಯುವ ರೈತರಾದರು. ಬೀಜ, ಸಲಕರಣೆ, ದಿನಸಿಗಳನ್ನು ಜಮೀನಿನ ಒಡೆಯನಿಂದ ಸಾಲವಾಗಿ ಪಡೆದು, ಸುಗ್ಗಿಯಲ್ಲಿ ಲೆಕ್ಕ ಮುಗಿದಾಗ ಸಾಲವೇ ಉಳಿಯುವುದು ಸಾಮಾನ್ಯವಾಗಿತ್ತು. ಇದರ ಜೊತೆಗೆ ಬಿಳಿಯರನ್ನೂ ಕರಿಯರನ್ನೂ ಬೇರ್ಪಡಿಸುವ ಜಿಮ್ ಕ್ರೋ ಕಾನೂನುಗಳು ಜಾರಿಗೆ ಬಂದವು.

ಈ ಬದುಕಿನ ನಡುವೆ ಹೊಲಗಳಲ್ಲಿ ಒಬ್ಬಂಟಿಯಾಗಿ ಎಳೆದು ಹಾಡುತ್ತಿದ್ದ ಕೂಗುಗಳು, ರೈಲು ಹಳಿ ಹಾಸುವವರ ದುಡಿಮೆಯ ಹಾಡುಗಳು ಮತ್ತು ಚರ್ಚುಗಳ ಭಕ್ತಿಗೀತೆಗಳು ಸೇರಿ ಬ್ಲೂಸ್ ಹುಟ್ಟಿತು. ಒಬ್ಬರು ಹಾಡಿದ್ದಕ್ಕೆ ಉಳಿದವರು ದನಿಗೂಡಿಸಿ ಉತ್ತರಿಸುವ ಕ್ರಮ ಆಫ್ರಿಕದ ಪರಂಪರೆಯಿಂದ ಬಂದದ್ದು. ಮಿಸಿಸಿಪಿ ರಾಜ್ಯದ ವಾಯವ್ಯ ಭಾಗದ, 'ಡೆಲ್ಟಾ' ಎಂದು ಹೆಸರಾದ ಹತ್ತಿ ಬೆಳೆಯುವ ಬಯಲು ಇದರ ಮುಖ್ಯ ನೆಲೆಯಾಯಿತು.

ರಚನೆ

ಬ್ಲೂಸ್‌ನ ಪ್ರಸಿದ್ಧ ರೂಪದಲ್ಲಿ ಒಂದು ಆವರ್ತಕ್ಕೆ 12 ಘಟಕಗಳಿದ್ದು, ಪ್ರತಿ ಘಟಕದಲ್ಲಿ 4 ಎಣಿಕೆಗಳಿರುತ್ತವೆ. ಸಾಹಿತ್ಯಕ್ಕೆ ಮೂರು ಸಾಲು. ಮೊದಲ ಸಾಲು ಅದೇ ಮಾತಿನಲ್ಲಿ ಅಥವಾ ತುಸು ಬದಲಾಗಿ ಎರಡನೆಯ ಸಾಲಾಗುತ್ತದೆ. ಮೂರನೆಯದು ಅದಕ್ಕೆ ಉತ್ತರವಾಗಿಯೋ ತಿರುವಾಗಿಯೋ ಬರುತ್ತದೆ. ಗಾಯಕ ಸಾಲು ಮುಗಿಸಿದ ಬಳಿಕ ಉಳಿಯುವ ಎಣಿಕೆಗಳಲ್ಲಿ ಗಿಟಾರ್ ಮಾರುತ್ತರ ಕೊಡುತ್ತದೆ. ಷಡ್ಜ, ಮಧ್ಯಮ, ಪಂಚಮಗಳನ್ನು ಆಧರಿಸಿದ ಮೂರು ಸ್ವರಮೇಳಗಳು ಇಡೀ ಹಾಡನ್ನು ಹೊರುತ್ತವೆ.

'ಬ್ಲೂ ಸ್ವರ'ಗಳು ಈ ಪ್ರಕಾರದ ಗುರುತು. ಗಾಂಧಾರ, ನಿಷಾದ ಮತ್ತು ಕೆಲವೊಮ್ಮೆ ಪಂಚಮವನ್ನು ಅವುಗಳ ನಿಗದಿತ ಸ್ಥಾನಕ್ಕಿಂತ ತುಸು ಇಳಿಸಿ, ಜಾರಿಸಿ ಹಾಡಲಾಗುತ್ತದೆ. ಈ ಸೂಕ್ಷ್ಮ ಅಂತರಗಳು ಪಿಯಾನೊದ ಸ್ಥಿರ ಮನೆಗಳಲ್ಲಿ ದೊರೆಯುವುದಿಲ್ಲ. ಗಿಟಾರಿನಲ್ಲಿ ತಂತಿಯನ್ನು ಎಳೆದು, ಇಲ್ಲವೇ ಬಾಟಲಿಯ ಕೊರಳನ್ನೋ ಚಾಕುವನ್ನೋ ತಂತಿಯ ಮೇಲೆ ಜಾರಿಸಿ ಅವನ್ನು ಪಡೆಯಲಾಗುತ್ತದೆ.

ಮುದ್ರಣ ಮತ್ತು ಧ್ವನಿಮುದ್ರಣ

ವಾದ್ಯವೃಂದದ ನಾಯಕ ಡಬ್ಲ್ಯು. ಸಿ. ಹ್ಯಾಂಡಿ 1912ರಲ್ಲಿ 'ಮೆಂಫಿಸ್ ಬ್ಲೂಸ್' ಕೃತಿಯನ್ನೂ 1914ರಲ್ಲಿ 'ಸೇಂಟ್ ಲೂಯಿಸ್ ಬ್ಲೂಸ್' ಕೃತಿಯನ್ನೂ ಸ್ವರಲಿಪಿಯಲ್ಲಿ ಪ್ರಕಟಿಸಿದರು. 1920ರ ಆಗಸ್ಟ್‌ನಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಧ್ವನಿಮುದ್ರಿಕೆ ಅಪಾರವಾಗಿ ಮಾರಾಟವಾಯಿತು. ಕರಿಯ ಕೇಳುಗರಿಗೂ ಮಾರುಕಟ್ಟೆಯಿದೆ ಎಂಬುದನ್ನು ಕಂಪನಿಗಳು ಇದರಿಂದ ಅರಿತು, ಅವರಿಗಾಗಿಯೇ 'ರೇಸ್ ರೆಕಾರ್ಡ್ಸ್' ಎಂಬ ಪ್ರತ್ಯೇಕ ಸಾಲುಗಳನ್ನು ಹೊರತಂದವು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ತನ್ನ ಪಟ್ಟಿಯಲ್ಲಿ ಈ ಹೆಸರನ್ನು ಕೈಬಿಟ್ಟು 'ರಿದಮ್ ಅಂಡ್ ಬ್ಲೂಸ್' ಎಂಬುದನ್ನು ಬಳಕೆಗೆ ತಂದಿತು.

ಆರಂಭದ ತಾರೆಯರು ಮಹಿಳೆಯರೇ. ಮಾ ರೈನಿ ಮತ್ತು ಬೆಸ್ಸಿ ಸ್ಮಿತ್ ಅವರ ಹಾಡುಗಳಲ್ಲಿ ದುಡಿಯುವ ಹೆಣ್ಣಿನ ಬಯಕೆ, ಕೋಪ, ಸ್ವಾಭಿಮಾನಗಳು ಮುಚ್ಚುಮರೆಯಿಲ್ಲದೆ ವ್ಯಕ್ತವಾದವು. ಅನೇಕ ಚರ್ಚುಗಳು ಬ್ಲೂಸನ್ನು ಸೈತಾನನ ಸಂಗೀತವೆಂದು ಖಂಡಿಸಿದವು. ಡೆಲ್ಟಾ ಪ್ರದೇಶದ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ, 1938ರಲ್ಲಿ 27ನೆಯ ವಯಸ್ಸಿಗೆ ತೀರಿಕೊಂಡರು. 1961ರಲ್ಲಿ ಅವು ಮತ್ತೆ ಪ್ರಕಟವಾದ ಮೇಲೆ ಅವರ ಕೀರ್ತಿ ಹರಡಿತು.

ಮಹಾ ವಲಸೆ ಮತ್ತು ವಿದ್ಯುತ್ ಗಿಟಾರ್

1910ರಿಂದ 1970ರವರೆಗೆ ಸುಮಾರು 60 ಲಕ್ಷ ಕರಿಯ ಜನರು ದಕ್ಷಿಣವನ್ನು ತೊರೆದು ದೇಶದ ಇತರ ಭಾಗಗಳಿಗೆ ವಲಸೆ ಹೋದರು. ಜೊತೆಯಲ್ಲಿ ಬ್ಲೂಸ್ ಕೂಡ ನಗರ ಸೇರಿತು. 1941ರಲ್ಲಿ ಜನಪದ ಸಂಗೀತದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮಿಸಿಸಿಪಿಯ ತೋಟವೊಂದರಲ್ಲಿ ಮಡ್ಡಿ ವಾಟರ್ಸ್ ಅವರ ಹಾಡುಗಳನ್ನು ಧ್ವನಿಮುದ್ರಿಸಿದ್ದರು. ಎರಡು ವರ್ಷಗಳ ಬಳಿಕ ವಾಟರ್ಸ್ ಷಿಕಾಗೊಗೆ ತೆರಳಿದರು. ಅಲ್ಲಿನ ಗದ್ದಲದ ಪಾನಗೃಹಗಳಲ್ಲಿ ಸಾದಾ ಗಿಟಾರಿನ ದನಿ ಸಾಲದಾದಾಗ ವಿದ್ಯುತ್ ಗಿಟಾರ್ ಹಿಡಿದರು. ಚೆಸ್ ರೆಕಾರ್ಡ್ಸ್ ಸಂಸ್ಥೆ ವಾಟರ್ಸ್, ಹೌಲಿನ್ ವುಲ್ಫ್ ಮೊದಲಾದವರ ಧ್ವನಿಮುದ್ರಿಕೆಗಳನ್ನು ಹೊರತಂದಿತು. ಚಕ್ ಬೆರಿ 1955ರಲ್ಲಿ ಇದೇ ಸಂಸ್ಥೆಯ ಮೂಲಕ ರಾಕ್ ಅಂಡ್ ರೋಲ್‌ನ ಆದ್ಯರಲ್ಲೊಬ್ಬರಾಗಿ ಬೆಳಕಿಗೆ ಬಂದರು.

ಕೃತಿಸ್ವಾಮ್ಯದ ಪ್ರಶ್ನೆ

ಬ್ಲೂಸ್ ಗಳಿಸಿದ ಹಣ ಅದನ್ನು ರಚಿಸಿದವರಿಗೆ ತಲುಪಿತೇ ಎಂಬ ಪ್ರಶ್ನೆ ಅದರ ಚರಿತ್ರೆಯುದ್ದಕ್ಕೂ ಇದೆ. ಎಲ್ವಿಸ್ ಪ್ರೀಸ್ಲಿ 1954ರಲ್ಲಿ ಹಾಡಿದ 'ದಟ್ಸ್ ಆಲ್ ರೈಟ್' ಮೂಲತಃ ಆರ್ಥರ್ ಕ್ರಡಪ್ ಅವರ ರಚನೆ. ಕ್ರಡಪ್ ತಮಗೆ ಸಲ್ಲಬೇಕಿದ್ದ ಗೌರವಧನಕ್ಕಾಗಿ ಹೋರಾಡುತ್ತಲೇ 1974ರಲ್ಲಿ ಬಡತನದಲ್ಲಿ ಮರಣಹೊಂದಿದರು. ಲೆಡ್ ಜೆಪೆಲಿನ್ ತಂಡದ 1969ರ ಹಾಡೊಂದರಲ್ಲಿ ತಮ್ಮ ರಚನೆ ಬಳಕೆಯಾಗಿದೆಯೆಂದು ವಿಲ್ಲಿ ಡಿಕ್ಸನ್ 1985ರಲ್ಲಿ ದಾವೆ ಹೂಡಿದರು. 1987ರಲ್ಲಿ ಅದು ರಾಜಿಯಲ್ಲಿ ಇತ್ಯರ್ಥವಾಗಿ, ಮುಂದೆ ಅವರ ಹೆಸರು ಹಾಡಿನೊಡನೆ ಸೇರಿತು. 1937ರಲ್ಲಿ ಕಾರು ಅಪಘಾತದಲ್ಲಿ ಮಡಿದ ಬೆಸ್ಸಿ ಸ್ಮಿತ್ ಅವರ ಸಮಾಧಿಗೆ 1970ರವರೆಗೆ ಕಲ್ಲು ಕೂಡ ಇರಲಿಲ್ಲ. ಅದನ್ನು ನೆಡಿಸಲು ನೆರವಾದವರಲ್ಲಿ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಒಬ್ಬರು.

ಪ್ರಭಾವ

1962ರಲ್ಲಿ ಲಂಡನ್ನಿನಲ್ಲಿ ಆರಂಭವಾದ ರೋಲಿಂಗ್ ಸ್ಟೋನ್ಸ್ ತಂಡದ ಹೆಸರು ಮಡ್ಡಿ ವಾಟರ್ಸ್ ಅವರ ಹಾಡಿನಿಂದ ಬಂದದ್ದು. ತಮ್ಮದೇ ದೇಶದ ಕರಿಯ ಕಲಾವಿದರನ್ನು ಅಮೆರಿಕದ ಅನೇಕ ಬಿಳಿಯ ಯುವಜನರು ಇಂತಹ ಬ್ರಿಟಿಷ್ ತಂಡಗಳ ಮೂಲಕ ಪರಿಚಯಿಸಿಕೊಂಡರು. ಸಾಹಿತ್ಯದಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್ 1926ರ ತಮ್ಮ ಮೊದಲ ಕವನಸಂಕಲನದಲ್ಲಿ ಬ್ಲೂಸ್‌ನ ಲಯವನ್ನು ಕಾವ್ಯಕ್ಕೆ ತಂದರು. ನಾಟಕಕಾರ ಆಗಸ್ಟ್ ವಿಲ್ಸನ್ ಮಾ ರೈನಿಯ ಧ್ವನಿಮುದ್ರಣದ ಒಂದು ದಿನವನ್ನು ನಾಟಕವಾಗಿಸಿದರು.

1977ರಲ್ಲಿ ವಾಯೇಜರ್ ನೌಕೆಗಳೊಡನೆ ಬಾಹ್ಯಾಕಾಶಕ್ಕೆ ಕಳುಹಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ, ಬಡತನದಲ್ಲಿಯೇ ತೀರಿಕೊಂಡ ಅಂಧ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ ಅವರ 1927ರ ಧ್ವನಿಮುದ್ರಿಕೆಯಿದೆ. ಕೇಸರಬಾಯಿ ಕೇರ್ಕರ್ ಅವರ ಭೈರವಿ ರಾಗದ ಗಾಯನವೂ ಅದೇ ತಟ್ಟೆಯಲ್ಲಿದೆ.

ಭಾರತದೊಡನೆ ನಂಟು

ಮೋಹನವೀಣೆಯ ವಿಶ್ವಮೋಹನ ಭಟ್ ಮತ್ತು ಬ್ಲೂಸ್ ಶೈಲಿಯ ಸ್ಲೈಡ್ ಗಿಟಾರ್ ವಾದಕ ರೈ ಕೂಡರ್ ಜೊತೆಗೂಡಿ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಶಿಲ್ಲಾಂಗ್‌ನ ಸೋಲ್‌ಮೇಟ್ ಭಾರತದ ಹೆಸರಾಂತ ಬ್ಲೂಸ್ ತಂಡ. 2011ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮಹೀಂದ್ರ ಬ್ಲೂಸ್ ಉತ್ಸವದಲ್ಲಿ ಷಿಕಾಗೊ ಪರಂಪರೆಯ ಬಡಿ ಗಾಯ್ ಮೊದಲಾದವರು ಕಾರ್ಯಕ್ರಮ ನೀಡಿದ್ದಾರೆ.